ನೀರು ಏರಿದ ದಾರಿ

ನೀರು ತಗ್ಗಿಗೇ ಹರಿಯುವುದೆಂಬುದು ನಮ್ಮ ಜನರ ಅನುಭವದ ಮಾತು. ಕೊಳ್ಳೇಗಾಲ ಸೀಮೆಯಲ್ಲಿ, ಲೊಕ್ಕನಹಳ್ಳಿಯ ಕಡೆಯ ರೈತನಿಗಂತೂ ಇದು ಬರಿಯ ಮಾತಲ್ಲ, ಬದುಕು. ಅವನ ಹೊಲ ಬೆಟ್ಟದ ಮಗ್ಗುಲಲ್ಲಿ; ಕಾವೇರಿ ಹರಿಯುವುದು ದೂರದ ತಗ್ಗಿನಲ್ಲಿ. ಆತ ನಂಬಬೇಕಾದುದು ಮೋಡವನ್ನು. ಆದರೆ ಇದೇ ಸೀಮೆಯ ಅಂಚಿನಲ್ಲಿ ಕಾವೇರಿಯ ನೀರು ಒಮ್ಮೆ ಉಕ್ಕಿನ ಕೊಳವೆಯಲ್ಲಿ ಇಳಿಯಿತು, ಇನ್ನೊಮ್ಮೆ ಉಕ್ಕಿನ ಕೊಳವೆಯಲ್ಲಿ ಏರಿತು. ಈ ಎರಡು ಪ್ರಸಂಗಗಳನ್ನು ಜೊತೆಗಿಟ್ಟು ನೋಡಿದರೆ ಹಳೆಯ ಮಾತಿನ ಅರ್ಥವೇ ಬದಲಾಗುತ್ತದೆ.

ಮೊದಲನೆಯದು ಶಿವನಸಮುದ್ರದ ಪ್ರಸಂಗ. ಆಗ ಕೊಳ್ಳೇಗಾಲ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮೈಸೂರಿಗೆ ಸೇರಿದ್ದು ೧೯೫೬ರಲ್ಲಿ. ಹೊಳೆಯ ಈಚೆ ಒಂದು ಸರ್ಕಾರ, ಆಚೆ ಇನ್ನೊಂದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯೇರ್ ಯೋಜನೆಯನ್ನು ರೂಪಿಸಿದರು. ಕಾಲುವೆಯಲ್ಲಿ ಬಂದ ನೀರು ಸುಮಾರು ೪೦೦ ಅಡಿಗಳಷ್ಟು ಕೆಳಕ್ಕೆ ಕೊಳವೆಗಳಲ್ಲಿ ಧುಮುಕಿ ಯಂತ್ರಗಳನ್ನು ತಿರುಗಿಸಿತು. ೧೯೦೨ರ ಜೂನ್ ೩೦ರಂದು ವಿದ್ಯುತ್ತು ೯೨ ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ತಲಪಿತು. ಅದನ್ನು ಕಾಣಲು ಶೇಷಾದ್ರಿ ಅಯ್ಯರ್ ಬದುಕಿರಲಿಲ್ಲ, ೧೯೦೧ರಲ್ಲೇ ತೀರಿಕೊಂಡಿದ್ದರು.

ಅದೇ ಕಾಲಕ್ಕೆ ಭೂಗೋಲದ ಇನ್ನೊಂದು ಮೂಲೆಯಲ್ಲಿಯೂ ಚಿನ್ನ ಹೊಳೆಯನ್ನು ಕರೆಯುತ್ತಿತ್ತು. ಪಶ್ಚಿಮ ಆಸ್ಟ್ರೇಲಿಯದ ಮರುಭೂಮಿಯ ಗಣಿಗಳಿಗೆ ಬೇಕಾಗಿದ್ದುದು ಕುಡಿಯುವ ನೀರು. ಎಂಜಿನಿಯರ್ ಓ'ಕಾನರ್ ೩೦ ಅಂಗುಲ ವ್ಯಾಸದ ಉಕ್ಕಿನ ಕೊಳವೆಗಳನ್ನು ಸುಮಾರು ೫೩೦ ಕಿಲೋಮೀಟರ್ ಉದ್ದಕ್ಕೆ ಹಾಸಿಸಿ, ಎಂಟು ಪಂಪುಮನೆಗಳಿಂದ ನೀರನ್ನು ಎತ್ತರಕ್ಕೆ ಒತ್ತಿಸುವ ಏರ್ಪಾಡು ಮಾಡಿದನು. ಟೀಕೆಗಳಿಂದ ನೊಂದ ಆತ ೧೯೦೨ರ ಮಾರ್ಚಿನಲ್ಲಿ ಪ್ರಾಣ ತೊರೆದನು. ನೀರು ಊರು ಸೇರಿದ್ದು ೧೯೦೩ರ ಜನವರಿಯಲ್ಲಿ. ಇಲ್ಲಿ ನೀರನ್ನು ಇಳಿಸಿ ಶಕ್ತಿ ಪಡೆದರು. ಅಲ್ಲಿ ಶಕ್ತಿ ವ್ಯಯಿಸಿ ನೀರನ್ನು ಏರಿಸಿದರು.

ಕೊಳವೆಗೆ ಬೆಟ್ಟಕ್ಕಿಂತ ಹೊಳೆಯೇ ದೊಡ್ಡ ತೊಡಕು. ಒಂದೋ ಸೇತುವೆಯ ಮೇಲೆ ದಾಟಬೇಕು, ಇಲ್ಲವೇ ನೀರಿನ ತಳದಲ್ಲಿ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕಾಗಿ ಕ್ಲೈಡ್ ನದಿಯ ತಳದಲ್ಲಿ ಕೊಳವೆ ಹಾಸಬೇಕಾದಾಗ ಉಗಿಯಂತ್ರದ ಜೇಮ್ಸ್ ವಾಟ್, ಲಾಬ್‌ಸ್ಟರ್ ಎಂಬ ದೊಡ್ಡ ಕಡಲ ಸೀಗಡಿಯ ಬಾಲವನ್ನು ನೋಡಿ, ಬಾಗುವ ಕೀಲುಗಳನ್ನು ಸೂಚಿಸಿದನು; ಹೊಳೆಯ ತಳ ಹೇಗೆ ಬಾಗಿತ್ತೋ ಕೊಳವೆಯೂ ಹಾಗೆ ಬಾಗಿ ಕುಳಿತಿತು. ಈಗ ಉಕ್ಕನ್ನು ಬೆಸೆದು, ತಳದಲ್ಲಿ ಅಗೆದ ಕಂದಕದಲ್ಲಿ ಹೂಳುವುದು ರೂಢಿ.

ನಾನು ಕನ್ನಡದ ಅಧ್ಯಾಪಕ, ಯಂತ್ರವಿದ್ಯೆ ನನ್ನದಲ್ಲ. ಆದರೂ ಇದರ ಲೆಕ್ಕ ಸರಳವಾಗಿದೆ. ಒಂದು ಮೀಟರ್ ವ್ಯಾಸದ, ೧೦ ಮಿಲಿಮೀಟರ್ ದಪ್ಪದ ಉಕ್ಕಿನ ಕೊಳವೆ ಮೀಟರೊಂದಕ್ಕೆ ಸುಮಾರು ೨೪೫ ಕಿಲೋ ತೂಗುತ್ತದೆ. ಅದು ಸರಿಸುವ ನೀರಿನ ತೂಕವಾದರೋ ೭೮೫ ಕಿಲೋ. ಬರಿದಾದ ಕೊಳವೆ, ಉಕ್ಕಿನದಾದರೂ, ತೇಲುತ್ತದೆ! ಆದುದರಿಂದ ಅದಕ್ಕೆ ಕಾಂಕ್ರೀಟಿನ ಹೊದಿಕೆ ತೊಡಿಸಿ ಭಾರ ಮಾಡಬೇಕು. ಹೊಳೆಯನ್ನು ದಾಟಿದ ಮೇಲೆ ಅದು ಯಾರ ಕಣ್ಣಿಗೂ ಬೀಳದು. ಸೇತುವೆ ಕಟ್ಟಿದವನ ಹೆಸರು ಕಲ್ಲಿನ ಮೇಲೆ ಉಳಿದೀತು. ನೀರಿನಡಿಯಲ್ಲಿ ಬೆಸುಗೆ ಹಾಕಿದವನ ಹೆಸರನ್ನು ಬರೆಯುವುದೆಲ್ಲಿ?

ಎರಡನೆಯ ಪ್ರಸಂಗ ಬೆಂಗಳೂರಿನದು. ೧೮೯೦ರ ದಶಕದ ಹೆಸರಘಟ್ಟ, ೧೯೩೩ರ ತಿಪ್ಪಗೊಂಡನಹಳ್ಳಿ ಎರಡೂ ಸಾಲದೆ ನಗರ ಕಾವೇರಿಯತ್ತ ಕೈಚಾಚಿತು. ೧೯೭೪ರಲ್ಲಿ, ಶಿವನಸಮುದ್ರಕ್ಕೆ ಸಮೀಪದ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಮೊದಲ ಹಂತದ ನೀರು ಹೊರಟಿತು: ದಿನಕ್ಕೆ ೧೩ ಕೋಟಿ ೫೦ ಲಕ್ಷ ಲೀಟರು. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ತಾಣಗಳ ಪಂಪುಗಳು ನೀರನ್ನು ಸುಮಾರು ೧೦೦ ಕಿಲೋಮೀಟರ್ ದೂರಕ್ಕೆ, ೫೦೦ ಮೀಟರ್ ಎತ್ತರಕ್ಕೆ ಒಯ್ಯುತ್ತವೆ. ತುಂಬಿದ ಕೊಡ ಹೊತ್ತು ಮೈಸೂರಿನಿಂದ ಚಾಮುಂಡಿ ಬೆಟ್ಟವನ್ನು ಒಂದೂವರೆ ಸಲ ಹತ್ತಿದರೂ ಆ ಎತ್ತರ ಆಗದು. ೨೦೨೪ರ ಅಕ್ಟೋಬರ್ ೧೬ರಂದು ಐದನೆಯ ಹಂತ ಉದ್ಘಾಟನೆಯಾಯಿತು. ದಿನಕ್ಕೆ ೭೭ ಕೋಟಿ ೫೦ ಲಕ್ಷ ಲೀಟರು, ಬೆಂಗಳೂರಿನ ಹೊರವಲಯದ ೧೧೦ ಹಳ್ಳಿಗಳಿಗಾಗಿ.

೧೯೦೨ರಲ್ಲಿ ಇಳಿದ ನೀರು ಕೊಟ್ಟ ಬೆಳಕು ಮೊದಲು ಹೋದದ್ದು ಗಣಿಗೆ, ಹೊಳೆಯ ಪಕ್ಕದ ಗುಡಿಸಲಿಗಲ್ಲ. ೧೯೭೪ರಲ್ಲಿ ಏರಿದ ನೀರು ಹೋದದ್ದು ರಾಜಧಾನಿಗೆ. ನಗರದವರನ್ನು ದೂರಲು ಇದನ್ನು ಹೇಳುತ್ತಿಲ್ಲ. ನಲ್ಲಿಯ ನೀರನ್ನು ನಾನೂ ಕುಡಿಯುತ್ತೇನೆ. ಆದರೆ ನೀರು ಏರದೆಂಬ ಮಾತನ್ನು ಇನ್ನು ಯಾವ ಕಛೇರಿಯೂ ಬೆಟ್ಟದ ಮಗ್ಗುಲ ರೈತನಿಗೆ ಹೇಳುವಂತಿಲ್ಲ. ನೀರು ಏರುತ್ತದೆ, ಯಾರಿಗಾಗಿ ಏರಿಸಬೇಕೆಂಬುದನ್ನು ನಿರ್ಧರಿಸುವವರು ಮನುಷ್ಯರು.