ಸೆಪ್ಟಿಕ್ ಟ್ಯಾಂಕ್ ದುರಸ್ತಿ

ಸೆಪ್ಟಿಕ್ ಟ್ಯಾಂಕ್ ದುರಸ್ತಿಯು ಶೌಚಾಲಯದ ಮಲಿನ ನೀರನ್ನು ಸಂಗ್ರಹಿಸುವ ನೆಲದಡಿಯ ತೊಟ್ಟಿಯ ಬಿರುಕು, ಸೋರಿಕೆಗಳನ್ನು ಸರಿಪಡಿಸುವ ಅಥವಾ ಶಿಥಿಲಗೊಂಡ ತೊಟ್ಟಿಯನ್ನು ಬದಲಾಯಿಸುವ ಕಾರ್ಯವಾಗಿದೆ. ಒಳಚರಂಡಿಯಿಲ್ಲದ ಊರುಗಳಲ್ಲಿ ಇದರ ಅಗತ್ಯ ಹೆಚ್ಚು. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನ ಬೋನಾಳದಂತಹ, ದೊಡ್ಡ ಕೆರೆಯುಳ್ಳ ಗ್ರಾಮಗಳಲ್ಲಿ ತೊಟ್ಟಿ ಸೋರಿದರೆ ಮಲಿನ ನೀರು ಅಂತರ್ಜಲಕ್ಕೂ ಕೆರೆಗೂ ಸೇರುವ ಅಪಾಯವಿರುತ್ತದೆ.

ವಿಧಾನ

ಮೊದಲು ಸಕ್ಕಿಂಗ್ ಯಂತ್ರದಿಂದ ತೊಟ್ಟಿಯನ್ನು ಬರಿದುಮಾಡಲಾಗುತ್ತದೆ. ಸಣ್ಣ ಬಿರುಕುಗಳನ್ನು ಸಿಮೆಂಟ್ ಗಾರೆ ಹಾಗೂ ಜಲನಿರೋಧಕ ಲೇಪನದಿಂದ ಮುಚ್ಚಬಹುದು. ಗೋಡೆ ಕುಸಿದಿದ್ದರೆ ಅಥವಾ ತಳ ಒಡೆದಿದ್ದರೆ ಹಳೆಯ ತೊಟ್ಟಿಯನ್ನು ಮಣ್ಣು ತುಂಬಿ ಮುಚ್ಚಿ, ಬಾವಿಯಿಂದ ದೂರದಲ್ಲಿ ಹೊಸದನ್ನು ನಿರ್ಮಿಸುವುದು ಸೂಕ್ತ.

ಅಪಾಯ ಮತ್ತು ಕಾನೂನು

ಬರಿದಾದ ತೊಟ್ಟಿಯಲ್ಲಿಯೂ ಮೀಥೇನ್, ಹೈಡ್ರೋಜನ್ ಸಲ್ಫೈಡ್ ಅನಿಲಗಳು ಉಳಿದಿರಬಹುದು. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಘ್ರಾಣಶಕ್ತಿಯೇ ಕುಂದುವುದರಿಂದ, ವಾಸನೆಯಿಲ್ಲವೆಂದು ನಂಬಿ ಒಳಗಿಳಿಯುವುದು ಮಾರಕ. ಬಿದ್ದವರನ್ನು ಎತ್ತಲು ಇಳಿದವರೂ ಸಾವಿಗೀಡಾಗುವುದುಂಟು.

ರಕ್ಷಣಾ ಸಾಧನಗಳಿಲ್ಲದೆ ಕಾರ್ಮಿಕರನ್ನು ಸ್ವಚ್ಛತೆಗಾಗಿ ತೊಟ್ಟಿಗೆ ಇಳಿಸುವುದನ್ನು ಮ್ಯಾನ್ಯುಯಲ್ ಸ್ಕ್ಯಾವೆಂಜರ್‌ಗಳ ನೇಮಕಾತಿ ನಿಷೇಧ ಮತ್ತು ಅವರ ಪುನರ್ವಸತಿ ಅಧಿನಿಯಮ, 2013 ನಿಷೇಧಿಸುತ್ತದೆ. ಮೊದಲ ಅಪರಾಧಕ್ಕೆ 2 ವರ್ಷಗಳವರೆಗೆ ಸೆರೆವಾಸ, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಒಳಚರಂಡಿ ಸ್ವಚ್ಛತೆಯ ವೇಳೆ ಮೃತಪಟ್ಟವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ.