ಚನ್ನಪಟ್ಟಣದ ತಂತಿ ಮತ್ತು ರಂಗನಾಥನ್ ಅವರ ಸೂಕ್ಷ್ಮದರ್ಶಕ

ಚನ್ನಪಟ್ಟಣ ಅಂದರೆ ಬೊಂಬೆ. ಡಿಪ್ಲೊಮಾ ಮುಗಿಸಿ ಪತ್ರಿಕೆಗಳಿಗೆ ಸುದ್ದಿ ಕಳಿಸಲು ಶುರು ಮಾಡಿದಾಗಿನಿಂದ ನಾವೂ ಎಷ್ಟು ಸಲ 'ಬೊಂಬೆ ನಾಡು' ಅಂತ ಬರೆದಿದ್ದೇವೋ ಲೆಕ್ಕವಿಲ್ಲ. ಆದರೆ 1800ರಲ್ಲಿ, ಟಿಪ್ಪು ಸತ್ತ ಮರುವರ್ಷ, ಈ ಸೀಮೆಯಲ್ಲಿ ಹಾದುಹೋದ ಕಂಪನಿ ಸರ್ಕಾರದ ವೈದ್ಯ ಫ್ರಾನ್ಸಿಸ್ ಬುಕಾನನ್ ಚನ್ನಪಟ್ಟಣದ ಬಗ್ಗೆ ಬರೆದುಕೊಂಡದ್ದರಲ್ಲಿ ಉಕ್ಕಿನ ತಂತಿಯೂ ಇದೆ. ವಾದ್ಯಗಳಿಗೆ ಬಿಗಿಯುವ ತಂತಿ. ಅದಕ್ಕೆ ಒಳ್ಳೆಯ ಹೆಸರಿತ್ತು, ದೂರದ ಸೀಮೆಗಳಿಗೂ ಹೋಗುತ್ತಿತ್ತು.

ಇವತ್ತು ಆ ತಂತಿಯ ಮಾತನ್ನು ಊರಲ್ಲಿ ಯಾರೂ ಆಡುವುದಿಲ್ಲ. ಆದರೆ ಇಲ್ಲಿಂದ ಅರವತ್ತು ಕಿಲೋಮೀಟರ್ ದೂರದಲ್ಲಿ, ನಮ್ಮ ಹಿರಿಯರು ಟಾಟಾ ಇನ್‌ಸ್ಟಿಟ್ಯೂಟ್ ಅನ್ನುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಒಬ್ಬ ವಿಜ್ಞಾನಿ ನಮ್ಮ ಹಳೆಯ ಉಕ್ಕಿನ ಕಥೆಯನ್ನು ಜಗತ್ತಿಗೆ ಮತ್ತೆ ಹೇಳಿದರು. ಅವರ ಹೆಸರು ಎಸ್. ರಂಗನಾಥನ್.

ಅವರ ಕಸುಬೇ ಲೋಹದ ಒಳಗನ್ನು ನೋಡುವುದು. 1960ರ ದಶಕದಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ, ಸೂಜಿ ಮೊನೆಯ ಮೇಲಿನ ಪರಮಾಣುಗಳನ್ನೇ ತೋರಿಸುವ ಫೀಲ್ಡ್ ಅಯಾನ್ ಸೂಕ್ಷ್ಮದರ್ಶಕದಲ್ಲಿ ಅವರು ಪಳಗಿದರು. ಕಬ್ಬಿಣದ ತುಂಡು ಹೊರಗಿಂದ ಒಂದೇ ಅನ್ನಿಸಿದರೂ ಒಳಗೆ ಅದು ನಮ್ಮ ಹೊಲಗಳ ಹಾಗೆ. ಒಂದೊಂದು ಹರಳು ಒಂದೊಂದು ಹೊಲ, ಒಂದೊಂದರ ಸಾಲೂ ಒಂದೊಂದು ದಿಕ್ಕಿಗೆ. ಎರಡು ಹೊಲ ಕೂಡುವ ಕಡೆ ಬದು. ಆ ಬದುವಿನ ಲೆಕ್ಕಾಚಾರದ ಬಗ್ಗೆ 1966ರಲ್ಲಿ ರಂಗನಾಥನ್ ಬರೆದ ಪ್ರಬಂಧವನ್ನು ಲೋಹ ವಿಜ್ಞಾನಿಗಳು ಇಂದಿಗೂ ಉಲ್ಲೇಖಿಸುತ್ತಾರೆ.

ಬದುವಿನ ಲೆಕ್ಕ ಯಾಕೆ ಬೇಕು ಅಂತೀರಾ? ವಿಮಾನದ ಎಂಜಿನ್ ಒಳಗೆ ಉರಿಯುವ ಗಾಳಿಯ ಬಿಸಿ, ಅಲ್ಲಿ ತಿರುಗುವ ರೆಕ್ಕೆಯ ಲೋಹ ಕರಗುವ ಬಿಸಿಗಿಂತಲೂ ಹೆಚ್ಚು. ಒಳಗೆ ತಂಪು ಗಾಳಿ ಹಾಯಿಸಿ ಹೇಗೋ ಕಾಪಾಡುತ್ತಾರೆ. ಅಂಥ ಕಾವಿನಲ್ಲಿ ಲೋಹ ಸಡಿಲವಾಗಿ ಬಿಟ್ಟುಕೊಳ್ಳುವುದು ಹೆಚ್ಚಾಗಿ ಬದುಗಳಲ್ಲೇ. ಅದಕ್ಕೇ ಈಗ ಬದುವೇ ಇಲ್ಲದ, ಇಡೀ ರೆಕ್ಕೆಯೇ ಒಂದು ಹರಳಾಗಿರುವ ಹಾಗೆ ಎರಕ ಹೊಯ್ಯುತ್ತಾರೆ. ವಿಜ್ಞಾನ ಸಂಸ್ಥೆಯಲ್ಲೇ ಕಾಮಾನಿಯೊ ಚಟ್ಟೋಪಾಧ್ಯಾಯ ಅವರ ತಂಡ ಇಂಥ ಕಾವು ತಾಳುವ, ಟಂಗ್‌ಸ್ಟನ್ ಬೇಡದ ಹಗುರ ಕೋಬಾಲ್ಟ್ ಮಿಶ್ರಲೋಹವನ್ನು 2015ರಲ್ಲಿ ಪ್ರಕಟಿಸಿತು.

ಇದೇ ಚಟ್ಟೋಪಾಧ್ಯಾಯ ಮತ್ತು ಇತರರ ಜೊತೆ ಸೇರಿ ರಂಗನಾಥನ್ 1985ರಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ, ಅಲ್ಯೂಮಿನಿಯಂ–ಮ್ಯಾಂಗನೀಸ್ ಮಿಶ್ರಲೋಹದಲ್ಲಿ ಹತ್ತು ಮುಖದ ವಿಚಿತ್ರ ಜೋಡಣೆ ಕಂಡರು. ಹರಳಿನಲ್ಲಿ ಹಾಗಿರಲು ಸಾಧ್ಯವೇ ಇಲ್ಲ ಅಂತ ಪುಸ್ತಕಗಳು ಹೇಳುತ್ತಿದ್ದ ಜೋಡಣೆ ಅದು. ಈ ಬಗೆಯ ಅರೆಹರಳನ್ನು ಮೊದಲು ಕಂಡ ಇಸ್ರೇಲಿನ ಶೆಕ್ಟ್‌ಮನ್ ಅವರಿಗೆ 2011ರಲ್ಲಿ ನೊಬೆಲ್ ಬಂತು. 2003ರಲ್ಲಿ ರಂಗನಾಥನ್, ನಾಲ್ಕೈದು ಲೋಹಗಳನ್ನು ಹೆಚ್ಚುಕಮ್ಮಿ ಸಮಸಮ ಬೆರೆಸುವ ಹೊಸ ಮಿಶ್ರಲೋಹಗಳ ಬಗ್ಗೆ ಬರೆದರು. ಆ ದಾರಿಯಲ್ಲಿ ಈಗ ಲೋಕವೇ ನಡೆಯುತ್ತಿದೆ.

ಇಷ್ಟು ಕಂಡವರು 2004ರಲ್ಲಿ ಶಾರದಾ ಶ್ರೀನಿವಾಸನ್ ಅವರೊಂದಿಗೆ ಪುಸ್ತಕ ಬರೆದದ್ದು ಹಳ್ಳಿಯ ಮಣ್ಣಿನ ಮೂಸೆಯ ಬಗ್ಗೆ. ಇಂಗ್ಲಿಷರು 'ವೂಟ್ಜ್' ಎಂದು ಕರೆದ ಉಕ್ಕು ಅದು. ನಮ್ಮ 'ಉಕ್ಕು' ಎಂಬ ಮಾತೇ ಅವರ ಬಾಯಲ್ಲಿ ಹಾಗಾಯಿತು ಅನ್ನುತ್ತಾರೆ.

ಆ ಕೆಲಸ ನಡೆಯುತ್ತಿದ್ದ ಬಗೆ ಹೀಗೆ. ಮಳೆಗಾಲದಲ್ಲಿ ಗುಡ್ಡದಿಂದ ಹಳ್ಳಕ್ಕೆ ಇಳಿಯುವ ಕರಿಮರಳನ್ನು ತೊಳೆದು, ಇದ್ದಿಲ ಜೊತೆ ಕುಲುಮೆಗೆ ಹಾಕಿ, ತಿದಿ ಒತ್ತಿ ಕಬ್ಬಿಣದ ಉಂಡೆ ತೆಗೆಯುತ್ತಿದ್ದರು. ಅದು ಕರಗಿದ ಕಬ್ಬಿಣವಲ್ಲ, ಸ್ಪಂಜಿನಂತೆ ತೂತುತೂತು. ಬಡಿದು ಕಿಟ್ಟ ಬಿಡಿಸಬೇಕು. ಉಕ್ಕು ಬೇಕಾದರೆ ಎರಡನೆಯ ಕೆಲಸ. ಬುಕಾನನ್ ಮೈಸೂರು ಸೀಮೆಯಲ್ಲಿ ಕಂಡಂತೆ, ಒಂದೊಂದು ಮಣ್ಣಿನ ಮೂಸೆಗೆ ಒಂದು ಕಬ್ಬಿಣದ ತುಂಡು, ಮೂರು ರೂಪಾಯಿ ತೂಕದ ತಂಗಡಿ ಕಡ್ಡಿ, ಎರಡು ಹಸಿರೆಲೆ. ಬಾಯಿ ಮುಚ್ಚಿ ಬೆಂಕಿಗೆ.

ಕಡ್ಡಿ, ಎಲೆ ಮಂತ್ರಕ್ಕಲ್ಲ. ಬರಿಯ ಕಬ್ಬಿಣ ಕರಗಲು 1,538 ಡಿಗ್ರಿ ಬೇಕು, ಕೈತಿದಿಗೆ ಅದು ಬಲು ಕಷ್ಟ. ಕಡ್ಡಿ ಸುಟ್ಟು ಬಂದ ಇಂಗಾಲ ನೂರಕ್ಕೆ ಒಂದೂವರೆ ಭಾಗದಷ್ಟು ಬೆರೆತರೆ ಕರಗುವ ಬಿಸಿ ನೂರು ಡಿಗ್ರಿಯಷ್ಟು ಇಳಿಯುತ್ತದೆ. ಕುಲುಮೆಯವರಿಗೆ ಇಂಗಾಲ ಎಂಬ ಹೆಸರು ಗೊತ್ತಿರಲಿಲ್ಲ, ಅದರ ಅಳತೆ ಗೊತ್ತಿತ್ತು.

ಮಾಗಡಿ ಸುತ್ತಮುತ್ತಲೂ ಕಬ್ಬಿಣ ಕರಗಿಸುವ ಕುಲುಮೆಗಳಿದ್ದವು. 1790ರ ದಶಕದಲ್ಲೇ ಭಾರತದ ಉಕ್ಕಿನ ತುಂಡುಗಳು ಲಂಡನ್ ತಲುಪಿದ್ದವು. ವಿದ್ಯುತ್ ವಿಜ್ಞಾನಿ ಮೈಕೆಲ್ ಫ್ಯಾರಡೆ 1819ರಲ್ಲಿ ಇದನ್ನು ಪರೀಕ್ಷಿಸಿ, ಇದರಂತೆ ಮಾಡಲು ಹೋಗಿ ಉಕ್ಕಿಗೆ ಬೇರೆ ಬೇರೆ ಲೋಹ ಬೆರೆಸಿ ನೋಡಿದ. ಇಂದಿನ ಮಿಶ್ರಲೋಹ ವಿದ್ಯೆಯ ಮೊದಲ ಹೆಜ್ಜೆಗಳಲ್ಲಿ ಅದೂ ಒಂದು. 2006ರಲ್ಲಿ ಜರ್ಮನಿಯ ಡ್ರೆಸ್ಡೆನ್ ವಿಜ್ಞಾನಿಗಳು ಈ ಬಗೆಯ ಉಕ್ಕಿನ, 17ನೇ ಶತಮಾನದ ಡಮಾಸ್ಕಸ್ ಕತ್ತಿಯೊಂದರ ಚೂರನ್ನು ಆಮ್ಲದಲ್ಲಿ ಕರಗಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟಾಗ, ಇಂಗಾಲದ ನ್ಯಾನೊ ಕೊಳವೆಗಳು ಕಂಡವು ಎಂದು ವರದಿ ಮಾಡಿದರು.

ಫ್ಯಾರಡೆ ಹೆಸರು ಶಾಲೆಯ ಪುಸ್ತಕದಲ್ಲಿದೆ. ಆ ಕತ್ತಿ ಮಾಡಿದ ಅಸದುಲ್ಲಾನ ಹೆಸರೂ ಉಳಿದಿದೆ. ಮಾಗಡಿ ಕಡೆ ತಿದಿ ಒತ್ತಿದವರ, ಚನ್ನಪಟ್ಟಣದಲ್ಲಿ ತಂತಿ ಎಳೆದವರ ಒಂದು ಹೆಸರೂ ನಮಗೆ ಸಿಗಲಿಲ್ಲ. ಅಗ್ಗದ ವಿಲಾಯಿತಿ ಉಕ್ಕು ಬಂತು, ಇದ್ದಿಲಿಗೆ ಕಾಡು ಬಿಗಿಯಾಯಿತು, ಕುಲುಮೆಗಳು ಆರಿದವು.

ಈ ಮಳೆಗಾಲದಲ್ಲಿ ಗುಡ್ಡದ ಹಳ್ಳ ಹರಿದು ನಿಂತ ಮೇಲೆ ಹಳೆ ರೇಡಿಯೊ ಸ್ಪೀಕರಿನ ಅಯಸ್ಕಾಂತ ತೆಗೆದುಕೊಂಡು ಹೋಗಿ ಮರಳಿನ ಮೇಲೆ ಆಡಿಸಿ. ಮೀಸೆಯ ಹಾಗೆ ಕರಿಪುಡಿ ಹತ್ತಿಕೊಂಡರೆ ಫೋಟೊ ಕಳಿಸಿ. ಹೊಲ ಉಳುವಾಗ ಭಾರದ, ತೂತುತೂತಾದ ಕಿಟ್ಟದ ಕಲ್ಲು ಸಿಕ್ಕರೆ ಎಸೆಯಬೇಡಿ. ಯಾವ ಊರು, ಯಾವ ಹೊಲ ಅಂತ ಬರೆದಿಡಿ, ನಾವು ಬಂದು ನೋಡುತ್ತೇವೆ.