ಕಂಪನಿಗೆ ಬೇಡವಾದ ಆಲ್ಬಂ ಕೇಳುಗರಿಗೆ ಯಾಕೆ ಬೇಕಾಯಿತು?

ಒಂದು ಆಲ್ಬಂ ಚೆನ್ನಾಗಿದೆಯೋ ಇಲ್ಲವೋ ಅಂತ ತೀರ್ಮಾನ ಮಾಡೋರು ಯಾರು? ದುಡ್ಡು ಹಾಕಿದ ಕಂಪನಿಯೇ, ವಿಮರ್ಶಕರೇ, ಕೇಳುಗರೇ? ಈ ಪ್ರಶ್ನೆ ಬಂದಾಗಲೆಲ್ಲ ರಾಕ್ ಸಂಗೀತದ ಮಂದಿ ಎತ್ತಿಕೊಳ್ಳುವ ಉದಾಹರಣೆ ಒಂದಿದೆ: ಅಮೆರಿಕದ ಶಿಕಾಗೊ ನಗರದ ವಿಲ್ಕೋ ಬ್ಯಾಂಡ್ ಮಾಡಿದ ‘ಯಾಂಕೀ ಹೋಟೆಲ್ ಫಾಕ್ಸ್‌ಟ್ರಾಟ್’. 11 ಹಾಡು, ಸುಮಾರು 52 ನಿಮಿಷ. ಎರಡು ದಶಕ ಕಳೆದರೂ ಇದರ ಬಗ್ಗೆ ಕೇಳುಗರ ವಾದ ನಿಂತಿಲ್ಲ. ಆ ವಾದ ಏನು, ಅದು ಇವತ್ತಿನ ನಮಗೂ ಯಾಕೆ ಮುಖ್ಯ ಅನ್ನೋದನ್ನು ಇಲ್ಲಿ ಒಂದೆಡೆ ಇಟ್ಟಿದ್ದೇನೆ. ನನ್ನ ನಿಲುವನ್ನೂ ಮುಚ್ಚಿಟ್ಟಿಲ್ಲ.

ಮೊದಲು, ಆಗಿದ್ದೇನು?

ವಿಲ್ಕೋ ಶುರುವಾಗಿದ್ದು 1994ರಲ್ಲಿ. ಹಾಡುಗಾರ ಜೆಫ್ ಟ್ವೀಡಿ. ಮೊದಮೊದಲು ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತಕ್ಕೆ ರಾಕ್ ಬೆರೆಸಿ ಹಾಡುತ್ತಿದ್ದ ಬ್ಯಾಂಡ್ ಇದು. 2001ರಲ್ಲಿ ನಾಲ್ಕನೇ ಆಲ್ಬಂ ಸಿದ್ಧಪಡಿಸಿ ತನ್ನ ಕಂಪನಿ ರಿಪ್ರೈಸ್‌ಗೆ ಕೊಟ್ಟಿತು. ರಿಪ್ರೈಸ್ ಇದ್ದದ್ದು ವಾರ್ನರ್ ಸಂಸ್ಥೆಯ ಅಡಿಯಲ್ಲಿ. ಅದೇ ವರ್ಷದ ಜನವರಿಯಲ್ಲಿ ಎಒಎಲ್ ಮತ್ತು ಟೈಮ್ ವಾರ್ನರ್ ವಿಲೀನವಾಗಿದ್ದವು. ಮೇಲೆ ಕೂತವರು ಬದಲಾಗುತ್ತಿದ್ದರು, ಖರ್ಚಿನ ಲೆಕ್ಕ ಬಿಗಿಯಾಗುತ್ತಿತ್ತು. ಈ ಆಲ್ಬಂ ಮಾರಾಟವಾಗೋದಿಲ್ಲ ಅಂತ ಕಂಪನಿಗೆ ಅನ್ನಿಸಿತು. ಬ್ಯಾಂಡ್ ಬದಲಾವಣೆಗೆ ಒಪ್ಪಲಿಲ್ಲ. ಕೊನೆಗೆ ಹಕ್ಕುಗಳೊಂದಿಗೆ ಹೊರಬಂತು.

ಮುಂದಿನದು ಆ ಕಾಲಕ್ಕೆ ಹೊಸ ನಡೆ. 2001ರ ಸೆಪ್ಟೆಂಬರ್ 18ರಂದು ವಿಲ್ಕೋ ಇಡೀ ಆಲ್ಬಂ ಅನ್ನು ತನ್ನ ವೆಬ್‌ಸೈಟಿನಲ್ಲಿ ಉಚಿತವಾಗಿ ಕೇಳಲು ಬಿಟ್ಟಿತು. ಐಟ್ಯೂನ್ಸ್ ಅಂಗಡಿ ತೆರೆಯಲು ಇನ್ನೂ ಒಂದೂವರೆ ವರ್ಷವಿತ್ತು. ಅದಾದ ಮೇಲಿನ ಸಂಗೀತ ಪ್ರವಾಸದಲ್ಲಿ, ಅಂಗಡಿಗೇ ಬಾರದ ಹಾಡುಗಳನ್ನು ಜನ ಬ್ಯಾಂಡಿನ ಜೊತೆ ಸೇರಿ ಹಾಡಿದರು.

ನಂತರ ಆಲ್ಬಂ ಕೊಂಡಿದ್ದು ನಾನ್‌ಸಚ್ ಎಂಬ ಕಂಪನಿ. 2002ರ ಏಪ್ರಿಲ್ 23ರಂದು ಬಿಡುಗಡೆಯಾಯಿತು. ಉಚಿತವಾಗಿ ಕೇಳಿದ ಜನ ಕೊಳ್ಳಲೂ ಕೊಂಡರು: ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ವಾರವೇ 13ನೇ ಸ್ಥಾನ. ತಮಾಷೆ ಏನು ಗೊತ್ತಾ? ನಾನ್‌ಸಚ್ ಕೂಡ ವಾರ್ನರ್‌ನದೇ. ಅಂದರೆ ಒಂದೇ ಸಂಸ್ಥೆ ಒಂದು ಕೈಯಲ್ಲಿ ಬಿಟ್ಟುಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಮತ್ತೆ ದುಡ್ಡು ಕೊಟ್ಟು ಕೊಂಡುಕೊಂಡಿತು. ಹಾಗಾಗಿ ‘ಇಂಡಿ’ ಅನ್ನೋ ಪದವನ್ನು ಇಲ್ಲಿ ಸ್ವಲ್ಪ ಹುಷಾರಾಗಿ ಬಳಸಬೇಕು. ಧ್ವನಿ ಇಂಡಿ, ಮಾಲೀಕತ್ವ ಅಲ್ಲ.

ಜಗಳ 1: ಇದು ಹಾಡೋ, ಗದ್ದಲವೋ?

ಶಾರ್ಟ್‌ವೇವ್ ರೇಡಿಯೊದಲ್ಲಿ ಮುಳ್ಳು ತಿರುಗಿಸುವಾಗ ಎರಡು ಸ್ಟೇಷನ್‌ಗಳ ನಡುವೆ ಬರುವ ಕೊರಕೊರ ಸದ್ದು ನಿಮ್ಮ ಮನೆಯ ಹಿರಿಯರಿಗೆ ನೆನಪಿರುತ್ತೆ. ಈ ಆಲ್ಬಂನ ತುಂಬ ಆ ಥರದ ಸದ್ದುಗಳಿವೆ. ಹೆಸರು ಬಂದಿದ್ದೂ ಅಲ್ಲಿಂದಲೇ. ಗೂಢಚಾರರಿಗೆ ಸಂದೇಶ ಕಳಿಸುವವು ಎಂದು ನಂಬಲಾದ ಶಾರ್ಟ್‌ವೇವ್ ಸ್ಟೇಷನ್‌ಗಳ ಧ್ವನಿಮುದ್ರಣ ಸಂಗ್ರಹವೊಂದಿದೆ. ಅದರಲ್ಲಿ ಹೆಣ್ಣುದನಿಯೊಂದು ಈ ಮೂರು ಪದಗಳನ್ನು ಹೇಳುತ್ತಾ ಹೋಗುತ್ತದೆ. ‘ಪೂರ್ ಪ್ಲೇಸಸ್’ ಹಾಡಿನಲ್ಲಿ ಅದನ್ನು ಬಳಸಿದ್ದಕ್ಕೆ ಸಂಗ್ರಹದ ಪ್ರಕಾಶಕರು ಮೊಕದ್ದಮೆ ಹೂಡಿ, ಆಮೇಲೆ ರಾಜಿಯಾಯಿತು.

ಹಳೆಯ ವಿಲ್ಕೋ ಇಷ್ಟಪಟ್ಟಿದ್ದವರ ತಕರಾರು ಇಲ್ಲೇ. ಸರಳ, ಸುಂದರ ಹಾಡುಗಳ ಮೇಲೆ ಬೇಕಂತಲೇ ಕಸ ಸುರಿದಿದ್ದಾರೆ ಅನ್ನೋದು ಅವರ ವಾದ. ಎದುರು ಪಕ್ಷದವರ ಉತ್ತರ: ಒಬ್ಬರ ಮಾತು ಇನ್ನೊಬ್ಬರಿಗೆ ತಲುಪದಿರುವುದೇ ಈ ಹಾಡುಗಳ ವಿಷಯ, ಗದ್ದಲ ತೆಗೆದರೆ ವಿಷಯವೇ ಹೋಗುತ್ತದೆ.

ಎಂಜಿನಿಯರಿಂಗ್‌ನಲ್ಲಿ ನಮಗೆ ಕಲಿಸಿದ್ದು, ನಾಯ್ಸ್ ಅಂದರೆ ಫಿಲ್ಟರ್ ಹಾಕಿ ಬಿಸಾಕಬೇಕಾದ್ದು ಅಂತ. ಈ ಆಲ್ಬಂ ಕೇಳುವಾಗ ನಾನು ಎರಡನೇ ಪಕ್ಷದ ಕಡೆ ವಾಲುತ್ತೇನೆ. ಆದರೆ ‘ರೇಡಿಯೊ ಕ್ಯೂರ್’ ಎಳೆದಾಡುತ್ತದೆ ಅನ್ನುವವರ ಜೊತೆ ವಾದಕ್ಕೆ ಕೂರಲಾರೆ. ನನಗೂ ಅದು ಎಳೆದಾಟವೇ.

ಜಗಳ 2: ಹಾಡು ಬರೆದಿದ್ದು ಯಾವಾಗ, ಕೇಳಿದ್ದು ಯಾವಾಗ?

ಮೊದಲು ಯೋಜಿಸಿದ್ದ ಬಿಡುಗಡೆಯ ದಿನ 2001ರ ಸೆಪ್ಟೆಂಬರ್ 11. ಮುಖಪುಟದಲ್ಲಿ ಶಿಕಾಗೊದ ಮರೀನಾ ಸಿಟಿಯ ಅವಳಿ ಗೋಪುರಗಳು. ಒಂದು ಹಾಡಿನ ಹೆಸರು ‘ಆಶಸ್ ಆಫ್ ಅಮೆರಿಕನ್ ಫ್ಲ್ಯಾಗ್ಸ್’, ಅಂದರೆ ಅಮೆರಿಕದ ಬಾವುಟಗಳ ಬೂದಿ. ಎಲ್ಲವೂ ದಾಳಿಗಿಂತ ಮುಂಚೆಯೇ ಮುಗಿದಿದ್ದ ಕೆಲಸ. ಆದರೆ ನ್ಯೂಯಾರ್ಕಿನ ಗೋಪುರಗಳು ಬಿದ್ದ ವಾರದಲ್ಲಿ ಕಂಪ್ಯೂಟರ್ ಮುಂದೆ ಕೂತು ಕೇಳಿದವರಿಗೆ ಇದು ತಮ್ಮ ದುಃಖಕ್ಕೇ ಬರೆದ ಹಾಗೆ ಕೇಳಿಸಿತು.

ಹಾಗೆ ಕೇಳೋದು ತಪ್ಪೇ? ಕಾಕತಾಳೀಯವನ್ನು ದೊಡ್ಡದು ಮಾಡಬೇಡಿ ಅನ್ನುವವರಿದ್ದಾರೆ. ಹಾಡು ಕಿವಿಗೆ ಬಿದ್ದ ಹೊತ್ತೂ ಅದರ ಅರ್ಥದ ಭಾಗ ಅನ್ನುವವರಿದ್ದಾರೆ. ಬರೆದವರ ಉದ್ದೇಶ ಒಂದು ದಾಖಲೆ, ಕೇಳಿದವರ ಅನುಭವ ಇನ್ನೊಂದು ದಾಖಲೆ. ಒಂದನ್ನು ತೋರಿಸಿ ಇನ್ನೊಂದನ್ನು ಸುಳ್ಳು ಅನ್ನೋಕಾಗಲ್ಲ.

ಜಗಳ 3: ಗೆದ್ದಿದ್ದು ಸಂಗೀತವೋ, ಕತೆಯೋ?

ಪಿಚ್‌ಫೋರ್ಕ್ 10ಕ್ಕೆ 10 ಕೊಟ್ಟಿತು. ವಿಲೇಜ್ ವಾಯ್ಸ್ ಪತ್ರಿಕೆಯ ವಿಮರ್ಶಕರ ಮತದಾನದಲ್ಲಿ 2002ರ ಮೊದಲ ಸ್ಥಾನ. ಅದೇ ವರ್ಷ ಸ್ಯಾಮ್ ಜೋನ್ಸ್ ಅವರ ಸಾಕ್ಷ್ಯಚಿತ್ರವೂ ಬಂದು, ಕಂಪನಿಯ ವಿರುದ್ಧ ನಿಂತ ಕಲಾವಿದರ ಕತೆ ಮನೆಮಾತಾಯಿತು. ‘ಈ ಕತೆ ಇಲ್ಲದಿದ್ದರೆ ಇಷ್ಟು ಹೊಗಳುತ್ತಿದ್ದಿರಾ?’ ಅನ್ನೋದು ಸಂಶಯಿಗಳ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಆ ಕತೆಯಲ್ಲಿ ಹಿಂದೆ ಸರಿದವರೂ ಇದ್ದಾರೆ: ಹಲವು ಹಾಡುಗಳನ್ನು ಟ್ವೀಡಿ ಜೊತೆ ಸೇರಿ ಬರೆದ ಜೇ ಬೆನೆಟ್ ಅವರನ್ನು ಆಲ್ಬಂ ಮುಗಿದ ಮೇಲೆ ಬ್ಯಾಂಡಿನಿಂದ ಹೊರಗೆ ಕಳಿಸಲಾಯಿತು. ಅಂತಿಮ ಮಿಕ್ಸಿಂಗ್ ಮಾಡಿದ್ದು ಜಿಮ್ ಓ’ರೂರ್ಕ್. 2022ರ ವಿಶೇಷ ಆವೃತ್ತಿಯಲ್ಲಿ ಹಾಡುಗಳ ಬೇರೆ ಬೇರೆ ರೂಪಗಳು ಹೊರಬಂದ ಮೇಲೆ, ಯಾವುದು ಮೇಲು ಅನ್ನೋ ವಾದಕ್ಕೆ ಹೊಸ ಸಾಕ್ಷಿ ಸಿಕ್ಕಿದೆ.

ಆದರೆ ಕತೆ ಹಳತಾಗುತ್ತೆ. ರೋಲಿಂಗ್ ಸ್ಟೋನ್ ಪತ್ರಿಕೆಯ 500 ಶ್ರೇಷ್ಠ ಆಲ್ಬಂಗಳ ಪಟ್ಟಿಯಲ್ಲಿ ಇದು 2012ರಲ್ಲಿ 493ನೆಯದು, 2020ರಲ್ಲಿ 225ನೆಯದು. ಕತೆಯ ಬಿಸಿ ಆರಿದ ಮೇಲೂ ಮೇಲಕ್ಕೇ ಹೋಗಿದೆ.

ಹಾಗಾದರೆ ನಮಗೇನು?

‘ಕೇಳುಗರು ಸರಿ, ಕಂಪನಿ ತಪ್ಪು’ ಅಂತ ಮುಗಿಸಿಬಿಡೋದು ಸುಲಭ. ಆದರೆ ಕೇಳುಗರು ಒಮ್ಮತಕ್ಕೆ ಬಂದೇ ಇಲ್ಲವಲ್ಲ. ಕಂಪನಿ ಎಡವಿದ್ದು ಆಲ್ಬಂನ ಬೆಲೆ ಕಟ್ಟುವುದರಲ್ಲಿ ಮಾತ್ರವಲ್ಲ. ಜನ ಕೇಳಿ, ಬೈದು, ಮತ್ತೆ ಕೇಳಿ ಅಭಿಪ್ರಾಯ ಬದಲಿಸಿಕೊಳ್ಳಬಹುದಾದ ಅವಕಾಶವನ್ನೇ ಅವರ ಪರವಾಗಿ ಮುಚ್ಚಲು ಹೊರಟಿತ್ತು.

ಆ ಅಧಿಕಾರ ಇವತ್ತು ಮ್ಯೂಸಿಕ್ ಆ್ಯಪ್‌ಗಳ ಶಿಫಾರಸು ವ್ಯವಸ್ಥೆಗಳ ಕೈಲಿದೆ. ಸ್ಪಾಟಿಫೈಯಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಸ್ಟ್ರೀಮ್ ಅಂತ ಲೆಕ್ಕ. ಈ ಆಲ್ಬಂನ ಮೊದಲ ಹಾಡು ಸುಮಾರು 7 ನಿಮಿಷದ್ದು. 30 ಸೆಕೆಂಡಿಗೆ ಅದರಲ್ಲಿ ಹಾಡುಗಾರನ ದನಿಯೂ ಬಂದಿರೋದಿಲ್ಲ. ಬೇಡ ಅಂದಿದ್ದು ಕಂಪನಿಯಾದರೆ ಅದರ ಹೆಸರು ಹಿಡಿದು ಪ್ರಶ್ನಿಸಬಹುದಿತ್ತು. ಆ್ಯಪ್ ನಿಮಗೆ ಏನನ್ನು ತೋರಿಸಲೇ ಇಲ್ಲ ಅನ್ನೋದು ನಿಮಗೆ ಗೊತ್ತೇ ಆಗೋದಿಲ್ಲ. ಹಾಗಾಗಿ ನನ್ನ ಸಲಹೆ ಇಷ್ಟೇ: ಆಲ್ಬಂ ಹುಡುಕಿ, ಶಫಲ್ ಆಫ್ ಮಾಡಿ, ಪೂರ್ತಿ ಕೇಳಿ. ಇಷ್ಟವಾಗದಿದ್ದರೆ ಯಾಕೆ ಅಂತ ಹೇಳಿ. ಆ ಹಕ್ಕು ನಿಮ್ಮದೇ, ಅದನ್ನು ಸ್ಕಿಪ್ ಬಟನ್‌ಗೆ ಬಿಟ್ಟುಕೊಡಬೇಡಿ.